ಮನೆ ಬಾಗಿಲಿಗೆ ಔಷಧ: ಉಷ್ಣತಾಮಾಪಿ ಎಲ್ಲಿದೆ?

ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ವರ್ಷಗಟ್ಟಲೆ ಔಷಧ ಸೇವಿಸಬೇಕು. ಮಾತ್ರೆ ಮುಗಿದಾಗಲೆಲ್ಲ ಆಸ್ಪತ್ರೆಗೆ ಹೋಗಲು ದಿನದ ಕೂಲಿ ಬಿಡಬೇಕು. ಕೂಲಿ ಬಿಡಲಾಗದವರು ಮಾತ್ರೆಯನ್ನೇ ಬಿಡುತ್ತಾರೆ. ಇದನ್ನು ತಪ್ಪಿಸಲು ತಮಿಳುನಾಡು 2021ರ ಆಗಸ್ಟ್‌ನಲ್ಲಿ ಮನೆಗೇ ಔಷಧ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭಿಸಿತು. ಕರ್ನಾಟಕದ ‘ಗೃಹ ಆರೋಗ್ಯ’ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ, 2025ರಲ್ಲಿ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಉದ್ದೇಶ ಮೆಚ್ಚತಕ್ಕದ್ದೇ. ಆದರೆ ಭೌತವಿಜ್ಞಾನದ ಕಣ್ಣಿನಿಂದ ನೋಡಿದರೆ ಒಂದು ಪ್ರಶ್ನೆ ಉಳಿಯುತ್ತದೆ: ತಲುಪಿದ ಔಷಧ ನುಂಗುವ ದಿನದವರೆಗೂ ಔಷಧವಾಗಿಯೇ ಉಳಿಯುತ್ತದೆಯೇ?

ಮುಧೋಳದ ಬಳಿಯ ರನ್ನ ಬೆಳಗಲಿಯನ್ನೇ ತೆಗೆದುಕೊಳ್ಳಿ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿನ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಮಣ್ಣಿನ ಮಾಳಿಗೆ ಮನೆ ತಂಪಾಗಿರುತ್ತದೆ; ತಗಡಿನ ಮನೆ ಹೊರಗಿಗಿಂತಲೂ ಬಿಸಿಯಾಗುತ್ತದೆ. ಬಹುತೇಕ ಮಾತ್ರೆಗಳ ಪಟ್ಟಿಯ ಮೇಲೆ 25 ಅಥವಾ 30 ಡಿಗ್ರಿಗಿಂತ ಕೆಳಗಿಡಿ ಎಂದು ಮುದ್ರಿಸಿರುತ್ತಾರೆ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ನಿಯಮ. ಒಂದೆರಡು ದಿನದ ಬಿಸಿಲಿಗೆ ಮಾತ್ರೆ ಕೆಡುವುದಿಲ್ಲ, ಗಾಬರಿ ಬೇಡ. ಆದರೆ ಇನ್ಸುಲಿನ್ ಪ್ರೋಟೀನು; ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಳಸುತ್ತಿರುವ ಸೀಸೆಯನ್ನು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು ನಾಲ್ಕು ವಾರ ಇಡಬಹುದು. 40 ಡಿಗ್ರಿ ‘ಸಾಮಾನ್ಯ’ ಅಲ್ಲ.

ಸತ್ವ ಕಳೆದುಕೊಂಡ ಔಷಧ ನೋಡಲು ಮೊದಲಿನಂತೆಯೇ ಇರಬಹುದು. ಸಕ್ಕರೆ ಇಳಿಯುವುದಿಲ್ಲ. ರೋಗ ಹೆಚ್ಚಿತೆಂದು ಭಾವಿಸಿ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಮುಂದಿನ ತಿಂಗಳು ಒಳ್ಳೆಯ ಸೀಸೆ ಬಂದರೆ ಅದೇ ಪ್ರಮಾಣ ಅಪಾಯವಾಗುತ್ತದೆ.

ಇದಕ್ಕೆ ಪರಿಹಾರ ನಮ್ಮ ಆರೋಗ್ಯ ವ್ಯವಸ್ಥೆಗೆ ಗೊತ್ತಿಲ್ಲದ್ದಲ್ಲ. ಲಸಿಕೆಯನ್ನು ಹಳ್ಳಿಗೆ ಒಯ್ಯುವಾಗ ಮಂಜುಗಡ್ಡೆಯ ಪೊಟ್ಟಣವಿರುವ ಪೆಟ್ಟಿಗೆ ಇರುತ್ತದೆ. ಸೀಸೆಯ ಮೇಲೆ ವೃತ್ತದೊಳಗೊಂದು ಚೌಕವಿದ್ದು, ತಗುಲಿದ ಶಾಖಕ್ಕೆ ತಕ್ಕಂತೆ ಬಣ್ಣ ಗಾಢವಾಗುತ್ತದೆ. ಚೌಕ ವೃತ್ತದ ಬಣ್ಣಕ್ಕೆ ಬಂದರೆ ಲಸಿಕೆ ಬಳಸುವುದಿಲ್ಲ. ಮಗುವಿನ ಲಸಿಕೆಗಿರುವ ಈ ಎಚ್ಚರ ಅಜ್ಜಿಯ ಔಷಧಕ್ಕೆ ಏಕಿರಬಾರದು?

ಮನೆಯೊಳಗಿನ ಉಪಾಯವೂ ಇದೆ. ಮಣ್ಣಿನ ಹರವಿಯ ಮೈಯಿಂದ 1 ಗ್ರಾಂ ನೀರು ಆವಿಯಾಗುವಾಗ ಸುಮಾರು 2400 ಜೂಲ್ ಶಾಖ ಹೀರುತ್ತದೆ. ಗಾಳಿ 40 ಡಿಗ್ರಿ, ಆರ್ದ್ರತೆ ಶೇಕಡ 20 ಇದ್ದಾಗ ಆವೀಕರಣದಿಂದ ತಾತ್ತ್ವಿಕವಾಗಿ 22 ಡಿಗ್ರಿಯವರೆಗೆ ತಂಪಾಗಿಸಬಹುದು. ವಾಸ್ತವದಲ್ಲಿ ಅಷ್ಟು ಇಳಿಯದಿದ್ದರೂ ಇನ್ಸುಲಿನ್‌ಗೆ ಅದು ದೊಡ್ಡ ಆಸರೆ. ಸೀಸೆ ನೆನೆಯದಂತೆ ಮುಚ್ಚಿದ ಡಬ್ಬಿಯಲ್ಲಿಡಬೇಕು. ಮಳೆಗಾಲದ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಮಂಜುಗಡ್ಡೆಗೆ ತಾಗಿಸಿ ಇಡಲೂಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಬಳಕೆಗೆ ಬಾರದು.

ಅಳತೆಯ ಮಾತೂ ಮುಖ್ಯ. ರಕ್ತದೊತ್ತಡ ಅಳೆಯುವಾಗ ತೋಳಿನ ಪಟ್ಟಿ ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ, ರಕ್ತದ ಕಂಬದ ಭಾರದಿಂದಲೇ ಸುಮಾರು 8 ಮಿಲಿಮೀಟರ್ ಪಾದರಸದಷ್ಟು ಹೆಚ್ಚು ತೋರುತ್ತದೆ. ಕಟ್ಟೆಯ ಮೇಲೆ ಕುಳಿತು ತೋಳು ಇಳಿಬಿಟ್ಟವರಿಗೆ ಇಲ್ಲದ ರೋಗ ಅಂಟಬಹುದು.

ಇಷ್ಟೆಲ್ಲ ಹೊಣೆ ಬೀಳುವುದು ಬಹುಪಾಲು ಆಶಾ ಕಾರ್ಯಕರ್ತೆಯ ಮೇಲೆ. ಸರ್ಕಾರದ ಲೆಕ್ಕದಲ್ಲಿ ಆಕೆ ನೌಕರಳಲ್ಲ, ಗೌರವಧನ ಪಡೆಯುವ ಸ್ವಯಂಸೇವಕಿ. 2025ರ ಜನವರಿಯಲ್ಲಿ ಅವರು ಬೆಂಗಳೂರಿನಲ್ಲಿ ಧರಣಿ ಕೂರಬೇಕಾಯಿತು. ಸೇವೆಯನ್ನು ಹೊಗಳಿ ಸಲಕರಣೆ, ತರಬೇತಿ, ಸಂಬಳ ಮೂರನ್ನೂ ಮರೆಯುವುದು ಯೋಜನೆಯಲ್ಲ.

ಈಗ ನಿಮ್ಮ ಸರದಿ. ಮನೆಯಲ್ಲಿ ಔಷಧವಿರುವ ಗೂಡಿನಲ್ಲಿ ಒಂದು ಉಷ್ಣತಾಮಾಪಿ ಇಡಿ. ಮಧ್ಯಾಹ್ನ ಮೂರು ಗಂಟೆಗೆ ನೋಡಿ ಬರೆದುಕೊಳ್ಳಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಆದರೆ ಬರೆದ ಅಂಕಿಯನ್ನು ಅವರಿಗೆ ತೋರಿಸಿ.