ಸಂಶೋಧಕರ ಕೂಟ: ಒಂದು ವಿಮರ್ಶೆ

ಪಿಎಚ್.ಡಿ. ಪದವಿಗಾಗಿ ಶ್ರಮಿಸುವವರನ್ನು ಆರೆಂಟು ಮಂದಿಯ ಗುಂಪುಗಳಾಗಿ ಸೇರಿಸಿ, ನುರಿತ ಸಂಚಾಲಕರೊಬ್ಬರ ಸಮ್ಮುಖದಲ್ಲಿ ಅವರವರ ಕೆಲಸದ ಗತಿಯನ್ನೂ ಮನಸ್ಸಿನ ಸ್ಥಿತಿಯನ್ನೂ ಕುರಿತು ಮಾತನಾಡಿಸುವ ಪದ್ಧತಿಯೊಂದು ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಬಳಕೆಗೆ ಬಂದಿದೆ. ಅದಕ್ಕೆ 'ಗ್ರೂಪ್ ಕೋಚಿಂಗ್' ಎಂದು ಹೆಸರು. ನಮ್ಮಲ್ಲಿ ಕೋಚಿಂಗ್ ಎಂದೊಡನೆ ಸ್ಪರ್ಧಾಪರೀಕ್ಷೆಯ ತರಬೇತಿಯೇ ನೆನಪಿಗೆ ಬರುವುದರಿಂದ ಆ ಹೆಸರು ತೊಡಕಿನದು. 'ಮಾರ್ಗದರ್ಶನ'ವೆಂಬ ಮಾತಾದರೋ ಆಗಲೇ ಗೈಡುಗಳ ವಶವಾಗಿದೆ. ಇಲ್ಲಿಯ ಸಂಚಾಲಕರು ಉತ್ತರ ಹೇಳುವವರಲ್ಲ, ಪ್ರಶ್ನೆ ಕೇಳುವವರು. ಆದುದರಿಂದ ನಾವು ಇದನ್ನು 'ಸಂಶೋಧಕರ ಕೂಟ'ವೆಂದು ಕರೆಯುತ್ತೇವೆ.

ಇದರ ಅಗತ್ಯವನ್ನು ಸಂದೇಹಿಸುವವರಿಗೆ ಒಂದು ಅಧ್ಯಯನವನ್ನು ತೋರಿಸಬಹುದು. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದ ೩,೬೫೯ ಸಂಶೋಧನ ವಿದ್ಯಾರ್ಥಿಗಳನ್ನು ಕುರಿತು ೨೦೧೭ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸುಮಾರು ಮೂವರಲ್ಲಿ ಒಬ್ಬರು ಖಿನ್ನತೆಯೇ ಮೊದಲಾದ ಮಾನಸಿಕ ವ್ಯಾಧಿಯ ಅಪಾಯದಲ್ಲಿದ್ದರು. ಈ ಸ್ಥಿತಿಯೊಡನೆ ಹೆಣೆದುಕೊಂಡು ಕಂಡವು ಕೆಲಸದ ಹೊರೆ, ಮನೆಗೂ ಕೆಲಸಕ್ಕೂ ನಡೆಯುವ ತಿಕ್ಕಾಟ, ಮೇಲ್ವಿಚಾರಕರ ವರ್ತನೆ. ಇವು ಸಂಸ್ಥೆಯ ಏರ್ಪಾಟಿಗೆ ಸೇರಿದ ಸಂಗತಿಗಳೆಂಬುದನ್ನು ಗಮನಿಸಬೇಕು.

ಚಾಮರಾಜನಗರ ಜಿಲ್ಲೆ ರೂಪುಗೊಂಡದ್ದು ೧೯೯೭ರಲ್ಲಿ. ಅಲ್ಲಿದ್ದ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ೨೦೨೩ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಗುಂಡ್ಲುಪೇಟೆಯಲ್ಲಿ ಪಾಠ ಹೇಳುತ್ತ, ಮನೆಯನ್ನೂ ನೋಡಿಕೊಳ್ಳುತ್ತ ಪ್ರಬಂಧ ಬರೆಯುವವರನ್ನು ನೆನೆಯಿರಿ. ಪ್ರಯೋಗಶಾಲೆಯ ಸಂಶೋಧಕರಿಗೆ ದಿನವೂ ಜೊತೆಗಾರರಿರುತ್ತಾರೆ. ಸಾಹಿತ್ಯವನ್ನೋ ಇತಿಹಾಸವನ್ನೋ ಹಿಡಿದವರಿಗೆ ಊರಿನಲ್ಲಿ ಆ ವಿಷಯವನ್ನು ಆಡಲು ಒಬ್ಬರೂ ಇರಲಾರರು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ೨೦೨೨ರ ನಿಯಮಗಳಂತೆ ಅವಧಿ ಕನಿಷ್ಠ ೩ ವರ್ಷ, ಗರಿಷ್ಠ ೬. ಪ್ರತಿ ಸೆಮಿಸ್ಟರಿನಲ್ಲಿಯೂ ಸಂಶೋಧನ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಒಪ್ಪಿಸಬೇಕು. ಸಲಹೆಯೆಂಬ ಹೆಸರಿದ್ದರೂ ಅದು ತೀರ್ಪಿನ ಸ್ಥಳ. 'ಮೂರು ತಿಂಗಳಿನಿಂದ ಒಂದು ಪುಟವನ್ನೂ ಬರೆದಿಲ್ಲ' ಎಂದು ಅಲ್ಲಿ ಹೇಳುವ ಧೈರ್ಯ ಯಾರಿಗಿದ್ದೀತು? ಆ ಮಾತಿಗೆ ಎಡೆಗೊಡುವುದೇ ಕೂಟದ ಮುಖ್ಯ ಪ್ರಯೋಜನ.

ಜೊತೆಗೂಡಿ ಕಲಿಯುವುದು ಈ ಸೀಮೆಗೆ ಹೊಸದೇನಲ್ಲ. ತಂಬೂರಿ, ಗಗ್ಗರ, ದಮ್ಮಡಿಗಳೊಡನೆ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರ ಮೇಳದಲ್ಲಿ ಹಿಮ್ಮೇಳದವರು ದನಿಗೂಡಿಸುತ್ತಲೇ ಕಥೆಯನ್ನು ಮೈಗೂಡಿಸಿಕೊಳ್ಳುತ್ತಾರೆ. ಒಬ್ಬರು ತಡವರಿಸಿದರೆ ಉಳಿದವರ ದನಿ ಎತ್ತಿ ಹಿಡಿಯುತ್ತದೆ. ಈ ಸಾದೃಶ್ಯವನ್ನು ದೂರಕ್ಕೆ ಎಳೆಯಲಾಗದು. ಮೇಳಕ್ಕೆ ಹಾಡು ಒಂದೇ. ಕೂಟದಲ್ಲಿ ಒಬ್ಬೊಬ್ಬರ ಪ್ರಬಂಧವೂ ಬೇರೆ. ಆದರೂ ಮನೆಯಲ್ಲಿ ಸಂಶೋಧನೆಯೆಂದರೇನೆಂದು ಬಲ್ಲ ಹಿರಿಯರಿಲ್ಲದವರಿಗೆ ಇಂಥ ಆಸರೆಯ ಬೆಲೆ ಹೆಚ್ಚು. ಸೋಲಿಗರಲ್ಲಿ ಮೊದಲು ಪಿಎಚ್.ಡಿ. ಪಡೆದ ಸಿ. ಮಾದೇಗೌಡರು ಈ ಜಿಲ್ಲೆಯವರೇ. ಮೊದಲಿಗರು ಒಂಟಿಯಾಗಿ ನಡೆದ ದಾರಿಯಲ್ಲಿ ಎರಡನೆಯವರೂ ಒಂಟಿಯಾಗಿಯೇ ನಡೆಯಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ನಮ್ಮ ಆಕ್ಷೇಪಣೆ ಬೇರೊಂದು ಕಡೆ ಇದೆ. ಗೈಡು ಅಧ್ಯಾಯವನ್ನು ತಿಂಗಳುಗಟ್ಟಲೆ ಓದದಿದ್ದರೆ, ಆ ಬೇಗೆಯನ್ನು ಸಹಿಸುವ ಬಗೆಯನ್ನು ವಿದ್ಯಾರ್ಥಿಗೆ ಕಲಿಸುವುದು ಚಿಕಿತ್ಸೆಯಲ್ಲ. ಜೂನಿಯರ್ ರಿಸರ್ಚ್ ಫೆಲೋಶಿಪ್ ೨೦೨೩ರಿಂದ ತಿಂಗಳಿಗೆ ೩೭,೦೦೦ ರೂಪಾಯಿಗೆ ಏರಿತು. ಅದು ದೊರೆಯದವರ ಕೊರತೆಯನ್ನು ಯಾವ ಕೂಟವೂ ನೀಗಲಾರದು. ಸಂಸ್ಥೆಯ ದೋಷವನ್ನು ವಿದ್ಯಾರ್ಥಿಯ ದೌರ್ಬಲ್ಯವೆಂದು ತಿರುಗಿಸಿ ಓದುವ ಅಪಾಯ ಈ ಪದ್ಧತಿಯಲ್ಲಿ ಉಂಟು. ಇನ್ನೊಂದು ಮಾತು: ಚಿಕ್ಕ ವಿಭಾಗಗಳಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ಸಂಚಾಲಕರು ಅದೇ ವಿಭಾಗದವರಾದರೆ ಕೂಟ ಎರಡನೆಯ ಸಮಿತಿಯಾಗಿಬಿಡುತ್ತದೆ. ಅವರು ಹೊರಗಿನವರಾಗಿರಬೇಕು, ಅಲ್ಲಿ ಆಡಿದ ಮಾತು ಯಾವ ವರದಿಗೂ ಸೇರಬಾರದು. ತೀವ್ರ ವ್ಯಾಕುಲತೆಗೆ ಕೂಟ ಸಾಲದು. ಅದಕ್ಕೆ ವೈದ್ಯರಿದ್ದಾರೆ, ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಸಂಖ್ಯೆಯಿದೆ.

ಇಷ್ಟನ್ನು ಒಪ್ಪಿ ನಡೆಸುವುದಾದರೆ ತಿಂಗಳಿಗೊಮ್ಮೆ ಸೇರಿದರೆ ಸಾಕು: ಒಂದು ತಿಂಗಳು ಚಾಮರಾಜನಗರದಲ್ಲಿ, ಮರುತಿಂಗಳು ಗುಂಡ್ಲುಪೇಟೆಯಲ್ಲಿ, ತೆರಕಣಾಂಬಿಯ ಮಾರ್ಗವಾಗಿ ಬಂದವರು ಹೊತ್ತು ಮುಳುಗುವ ಮುನ್ನ ಮನೆ ಸೇರುವಂತೆ, ರಜಾದಿನದ ಬೆಳಗ್ಗೆ.