ಕರಡಿಯ ಹೆಸರೂ ನಿಷೇಧವಾದವೂ

ಫ್ರೆಂಚ್ ಭಾಷಾವಿಜ್ಞಾನಿ ಆಂತ್ವಾನ್ ಮೆಯೆ 1906ರಲ್ಲಿ ಇಂಡೋ-ಯುರೋಪಿಯನ್ ಭಾಷೆಗಳ ಶಬ್ದನಿಷೇಧಗಳನ್ನು ಕುರಿತು ಬರೆದ ಸಣ್ಣ ಪ್ರಬಂಧಕ್ಕೆ ಸಂದಿರುವ ಕೀರ್ತಿಯು ಅದರ ಯೋಗ್ಯತೆಯನ್ನು ಮೀರಿ ಬೆಳೆದಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಸಂಸ್ಕೃತದ ಋಕ್ಷ, ಗ್ರೀಕಿನ ಆರ್ಕ್ಟೋಸ್, ಲ್ಯಾಟಿನ್ನಿನ ಉರ್ಸುಸ್ ಇವುಗಳ ಮೂಲಶಬ್ದವು ಸ್ಲಾವ್, ಬಾಲ್ಟಿಕ್, ಜರ್ಮಾನಿಕ್ ಶಾಖೆಗಳಲ್ಲಿ ಕರಡಿಯ ಹೆಸರಾಗಿ ಉಳಿಯದೆ ಹೋದುದಕ್ಕೆ ಬೇಟೆಗಾರರ ಭಯವೇ ಕಾರಣವೆಂದೂ, ಹೆಸರೆತ್ತಿದರೆ ಮೃಗವು ಬಂದೀತೆಂಬ ಅಂಜಿಕೆಯಿಂದ ಸ್ಲಾವರು ‘ಜೇನು ತಿನ್ನುವವನು’ ಎಂಬ ಮರೆಮಾತನ್ನು ಹಿಡಿದರೆಂದೂ ಇಂದು ಎಲ್ಲರೂ ಹೇಳುತ್ತಾರೆ.

ಮೂರು ನೆರೆಶಾಖೆಗಳಲ್ಲಿ ಹಳೆಯ ಹೆಸರು ಅಳಿದದ್ದು ಆಕಸ್ಮಿಕವಿರಲಾರದೆಂಬುದನ್ನು ಒಪ್ಪೋಣ. ಆದರೆ ಈ ವಾದವು ಹೋದ ಶಬ್ದದ ಕಥೆಯನ್ನು ಹೇಳುತ್ತದೆಯೇ ಹೊರತು ಬಂದ ಶಬ್ದದ ಕಟ್ಟಡವನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಪ್ರಾಚೀನ ಸ್ಲಾವಿನ ‘ಮೆದ್ವೇದಿ’ಯನ್ನು ಬಿಡಿಸಿ ನೋಡಬೇಕು. ಪೂರ್ವಪದವು ಜೇನಿನ ಹೆಸರು. ಸಂಸ್ಕೃತದ ‘ಮಧು’ವಿನ ಒಡಹುಟ್ಟು, ಅದರಂತೆಯೇ ಉಕಾರಾಂತ. ಉತ್ತರಪದವು ಭಕ್ಷಣಾರ್ಥದ ಧಾತು. ಸಂಸ್ಕೃತದ ‘ಅದ್’ ಧಾತುವಿನ ಬಂಧು. ಸ್ವರವು ಪರವಾದಾಗ ಉಕಾರಕ್ಕೆ ವಕಾರವು ಆದೇಶವಾಗಿ ಬಂದಿರುವುದನ್ನು ನಮ್ಮ ಪಾಠಶಾಲೆಯ ಬಾಲಕನೂ ಯಣ್ ಸಂಧಿಯೆಂದು ಗುರುತಿಸಬಲ್ಲನು. ಋಗ್ವೇದದ ಪ್ರಥಮ ಮಂಡಲದ 164ನೆಯ ಸೂಕ್ತದಲ್ಲಿ ‘ಮಧ್ವದ್’ ಎಂದು ಇದೇ ಸಮಾಸವು ಬಂದಿದೆ. ಆದರೆ ಅಲ್ಲಿ ಅದು ವೃಕ್ಷದಲ್ಲಿ ನೆಲೆಸಿದ ಪಕ್ಷಿಗಳಿಗೆ ವಿಶೇಷಣ. ಆ ಪಕ್ಷಿಗಳ ಹೆಸರೆತ್ತಲು ಋಷಿಯು ಅಂಜಿದ್ದನೆನ್ನಲು ಯಾವ ಆಧಾರವೂ ಇಲ್ಲ. ಹಾಗಿರುವಲ್ಲಿ ಮಧುಭಕ್ಷಕನೆಂಬ ಸಮಾಸವು ಭಯದ ಹಂಗಿಲ್ಲದೆ, ಕವಿಸಹಜವಾದ ವರ್ಣನೆಯ ಉಲ್ಲಾಸದಿಂದಲೇ ಹುಟ್ಟಬಲ್ಲುದೆಂದಾಯಿತು. ಸ್ಲಾವರ ಹೆಸರಿಗೂ ಅಂಥದೇ ಜನ್ಮವಿದ್ದಿರಬಹುದೆಂಬ ಸಾಧ್ಯತೆಯನ್ನು ನಿಷೇಧವಾದಿಗಳು ಪರಿಶೀಲಿಸದೆ ಬಿಟ್ಟಿರುವುದು ದೊಡ್ಡ ಲೋಪ.

ಆ ವಕಾರದ ಮುಂದಿನ ಗತಿಯಂತೂ ಇನ್ನೂ ಕುತೂಹಲಕರ. ಅದು ಜೇನಿನ ಸೊತ್ತು; ಆದರೆ ಸಂಧಿಯ ನೆನಪು ಮಾಸಿದ ಮೇಲೆ ಕಿವಿಯು ಅದನ್ನು ಉತ್ತರಪದಕ್ಕೆ ಕೊಟ್ಟು, ಜ್ಞಾನಾರ್ಥದ ‘ವೇದ್’ ಧಾತುವನ್ನು ಅಲ್ಲಿ ಕೇಳಿ, ‘ಜೇನನ್ನು ಬಲ್ಲವನು’ ಎಂಬ ಜನಪದ ನಿರುಕ್ತಿಯನ್ನು ಕಟ್ಟಿತು. ಎರಡು ಧಾತುಗಳ ಸ್ವರವೂ ಒಂದೇ, ಅದನ್ನು ಬರೆಯುತ್ತಿದ್ದ ‘ಯಾತ್’ ಎಂಬ ಅಕ್ಷರವೂ ಒಂದೇ ಆದುದರಿಂದ ಈ ಭ್ರಮೆಯನ್ನು ತಡೆಯುವ ಯಾವುದೂ ಶಬ್ದದೊಳಗೆ ಇರಲಿಲ್ಲ. ಉಕ್ರೇನಿಯನ್ನಿನಲ್ಲಿ ಮಕಾರ ವಕಾರಗಳು ಸ್ಥಾನ ಬದಲಿಸಿ ‘ವೆದ್ಮಿದ್’ ಆಯಿತು. ಪೋಲಿಷ್‌ನಲ್ಲಿ ಆದಿಯ ಮಕಾರವೇ ನಕಾರವಾಯಿತು. ಸಮಾಸವೆಂಬ ಅರಿವು ತಪ್ಪಿದ ಶಬ್ದಕ್ಕೆ ಮಾತ್ರ ಇಂಥ ಸ್ವಾತಂತ್ರ್ಯ.

ಇನ್ನು, ರಷ್ಯನ್ನಿನಲ್ಲಿ ಕರಡಿಯ ಗುಹೆಯನ್ನು ಹೇಳುವ ‘ಬೆರ್ಲೋಗ’ ಶಬ್ದದಲ್ಲಿ ಜರ್ಮನರ ‘ಬೇರ್’ ಅಡಗಿದೆಯೆಂದೂ, ಸ್ಲಾವರು ಬಚ್ಚಿಟ್ಟ ನಿಜನಾಮವು ಅದೇ ಎಂದೂ ಸಾರುವವರಿದ್ದಾರೆ. ಇವರನ್ನು ಸುಮ್ಮನೆ ಬಿಡುವಂತಿಲ್ಲ. ವ್ಯಂಜನದ ಹಿಂದೆ ನಿಂತ ಪ್ರಾಚೀನ ‘ಎರ್’ ರಷ್ಯನ್ನಿನಲ್ಲಿ ‘ಎರೆ’ ಆಗುತ್ತದೆ; ದಡವೆಂಬರ್ಥದ ‘ಬೆರೆಗ್’ ಅದಕ್ಕೆ ಸಾಕ್ಷಿ. ಇವರ ಮಾತು ನಿಜವಾಗಿದ್ದಲ್ಲಿ ಗುಹೆಯು ‘ಬೆರೆಲೋಗ’ ಆಗಬೇಕಿತ್ತು. ಚೆಕ್ಕಿನ ‘ಬ್ರ್ಲೋಹ್’, ಸರ್ಬಿಯನ್ನಿನ ‘ಬ್ರ್ಲೋಗ್’ ರೂಪಗಳಲ್ಲಿ ನಮ್ಮ ಋಕಾರದಂತೆ ರೇಫವೇ ಸ್ವರವಾಗಿರುವುದರಿಂದ, ಮೂಲದಲ್ಲಿದ್ದದ್ದು ಎಕಾರವಲ್ಲ, ಅತಿಹ್ರಸ್ವವಾದ ಬೇರೊಂದು ಸ್ವರವೆಂಬುದು ಸ್ಪಷ್ಟ. ಪೋಲಿಷ್‌ನಲ್ಲಿ ಇದೇ ಶಬ್ದಕ್ಕೆ ಹುಲ್ಲುಹಾಸಿನ ಒರಟು ಹಾಸಿಗೆಯೆಂಬ ಅರ್ಥವೂ ಇದೆ. ಅಲ್ಲಿ ಕರಡಿಯ ಸುಳಿವೇ ಇಲ್ಲ. ರೂಪವನ್ನು ನೋಡದೆ ಭಯವೊಂದನ್ನೇ ಹುಡುಕುವ ಅಭ್ಯಾಸದ ಫಲವಿದು.

ನೋಡಬೇಕಾದ ರೂಪವಾದರೋ ವಿಭಕ್ತಿಗಳಲ್ಲಿಯೇ ಇದೆ. ‘ಮಧ್ವದ್’ ಎಂಬಂತೆ ಹಲಂತವಾಗಿದ್ದಿರಬೇಕಾದ ಈ ಶಬ್ದವು ಪ್ರಾಚೀನ ಚರ್ಚ್ ಸ್ಲಾವೊನಿಕ್‌ನಲ್ಲಿ ಪುಲ್ಲಿಂಗದ ಇಕಾರಾಂತ ಗಣವನ್ನು ಸೇರಿ, ಷಷ್ಠಿಯಲ್ಲಿ ಇಕಾರವನ್ನೇ ತಾಳಿತ್ತು. ರಷ್ಯನ್ನಿನಲ್ಲಿ ಆ ಗಣವೇ ಒಡೆದು, ಕರಡಿಯ ಹೆಸರೂ ಅದೇ ಗಣದಲ್ಲಿದ್ದ ಅತಿಥಿಯೆಂಬರ್ಥದ ಶಬ್ದವೂ ಒಟ್ಟಿಗೆ ಇನ್ನೊಂದು ಗಣಕ್ಕೆ ವಲಸೆ ಹೋದುವು. ಇಂದಿನ ಷಷ್ಠಿ ‘ಮೆದ್ವೆದ್ಯಾ’. ಪ್ರಾಣಿವಾಚಕವಾದ್ದರಿಂದ ದ್ವಿತೀಯೆಗೂ ಅದೇ ರೂಪ. ದಾರಿಯೆಂಬರ್ಥದ ‘ಪುತ್’ ಶಬ್ದವೊಂದೇ ಹಳೆಯ ಗಣದಲ್ಲಿ ಉಳಿದುಕೊಂಡಿದೆ.