ಕ್ಲಿಕ್ ನೆಲದ ಕೀರ್ತಿ

ಸಿಮೆಂಟ್ ಬೇಡ, ಗಾರೆ ಕೆಲಸದವರು ಬೇಡ, ಹಳೆಯ ಟೈಲ್ಸ್ ಒಡೆಯಬೇಕಿಲ್ಲ, ಧೂಳಿಲ್ಲ. ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಶುರುಮಾಡಿದರೆ ಭಾನುವಾರ ಸಂಜೆ ಹೊಸ ನೆಲದ ಮೇಲೆ ಸೋಫಾ ಎಳೆದುಕೊಂಡು ಕಾಫಿ ಕುಡಿಯಬಹುದು. ಒಂದಕ್ಕೊಂದು ಸಿಕ್ಕಿಸಿ ಹಾಸುವ ಎಸ್‌ಪಿಸಿ ಟೈಲ್ಸಿಗೆ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಸಿಕ್ಕಿರುವ ಹೆಸರು ಹೆಚ್ಚುಕಡಿಮೆ ಇದು. ವಿಡಿಯೊಗಳೂ ಅದನ್ನೇ ಹೇಳುತ್ತವೆ. ಒಬ್ಬ ಮಂಡಿಯೂರಿ ಕೂತು ಟಪಟಪನೆ ಜೋಡಿಸುತ್ತ ಹೋಗುತ್ತಾನೆ, ಎರಡು ನಿಮಿಷದಲ್ಲಿ ಕೋಣೆ ಮುಗಿದಿರುತ್ತದೆ. ಕ್ಯಾಮೆರಾ ಮಾತ್ರ ಕೋಣೆಯ ನಡುವನ್ನು ಬಿಟ್ಟು ಕದಲುವುದಿಲ್ಲ. ಈ ಕೆಲಸದ ಕೀರ್ತಿ ಅದರ ಯೋಗ್ಯತೆಯನ್ನು ಮೀರಿ ಬೆಳೆದಿದೆ ಎಂಬುದು ನನ್ನ ತಕರಾರು. ಅದಕ್ಕೆ ಸಾಕ್ಷಿ ಇರುವುದು ಆ ಕ್ಯಾಮೆರಾ ಹೋಗದ ಜಾಗಗಳಲ್ಲಿ.

ಲ್ಯಾಮಿನೇಟ್ ಯಾವುದು, ವಿನೈಲ್ ಯಾವುದು, ಸುಣ್ಣದಕಲ್ಲಿನ ಪುಡಿಗೆ ಪಿವಿಸಿ ಬೆರೆಸಿ ಒತ್ತಿದ ಎಸ್‌ಪಿಸಿ ಯಾವುದು ಎಂಬುದನ್ನೆಲ್ಲ ಅಂಗಡಿಯವರು ಸಾಕಷ್ಟು ವಿವರಿಸಿದ್ದಾರೆ. ಅಮೆರಿಕದಲ್ಲಿ ಸ್ನ್ಯಾಪ್‌ಸ್ಟೋನ್ ಎಂಬ ಹೆಸರಿನಲ್ಲಿ ನಿಜವಾದ ಪೋರ್ಸಲೀನ್ ಟೈಲನ್ನೇ ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂರಿಸಿ, ತಟ್ಟೆಗಳನ್ನು ಒಂದಕ್ಕೊಂದು ಸಿಕ್ಕಿಸಿ, ಸಂದಿಗೆ ಬಾಗುವ ಗ್ರೌಟ್ ತುಂಬುವ ಬಗೆಯೂ ಇದೆ. ಮೂಲತತ್ವ ಎಲ್ಲದಕ್ಕೂ ಒಂದೇ. ಟೈಲ್ಸು ಕೆಳಗಿನ ನೆಲಕ್ಕೆ ಅಂಟುವುದಿಲ್ಲ, ಪಕ್ಕದ ಟೈಲ್ಸಿಗೆ ಮಾತ್ರ ಸಿಕ್ಕಿಕೊಂಡು ಇಡೀ ಕೋಣೆಗೆ ಒಂದೇ ಚಾಪೆಯಂತೆ ಬಿದ್ದಿರುತ್ತದೆ.

ಆ ಜೋಡಣೆಯನ್ನು ಮಾತ್ರ ಹೊಗಳಲೇಬೇಕು. ಮೊದಲು ಲ್ಯಾಮಿನೇಟ್ ಹಲಗೆಗಳ ಒಂದು ಅಂಚಿನ ನಾಲಿಗೆಗೂ ಇನ್ನೊಂದು ಅಂಚಿನ ತೋಡಿಗೂ ಅಂಟು ಹಚ್ಚಿ ಬಿಗಿದು ಕಾಯಬೇಕಿತ್ತು. 1990ರ ದಶಕದಲ್ಲಿ ಸ್ವೀಡನ್ನಿನ ವಾಲಿಂಗೆ ಮತ್ತು ಬೆಲ್ಜಿಯಂನ ಯೂನಿಲಿನ್ ಕಂಪನಿಗಳು ಅಂಟಿಲ್ಲದ ಜೋಡಣೆ ತಂದವು; ಯೂನಿಲಿನ್ನಿನ ಯೂನಿಕ್ಲಿಕ್ ಪೇಟೆಗೆ ಬಂದದ್ದು 1997ರಲ್ಲಿ. ಹಲಗೆಯನ್ನು ಓರೆಯಾಗಿ ಹಿಡಿದು ನಾಲಿಗೆಯನ್ನು ತೋಡಿಗೆ ತೂರಿಸಿ ಕೆಳಗೆ ಒತ್ತಿದರೆ, ನಾಲಿಗೆಯ ಅಡಿಯಲ್ಲಿರುವ ಉಬ್ಬು ಎದುರು ಹಲಗೆಯ ಚಾಚಿದ ತುಟಿಯನ್ನು ದಾಟಿ ಒಳಗೆ ಕೂರುತ್ತದೆ. ಆಮೇಲೆ ಅಡ್ಡಡ್ಡ ಎಳೆದರೆ ಬರುವುದಿಲ್ಲ, ಮತ್ತೆ ಓರೆ ಮಾಡಿದರೆ ಸಲೀಸಾಗಿ ಬರುತ್ತದೆ. ಅದರ ಪೇಟೆಂಟಿಗಾಗಿ ಕಂಪನಿಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ಬಡಿದಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನ ಜಗಳ ಪೆಟ್ಟಿಗೆಯೊಳಗೆ ಬರುವ ಸೂಚನಾಪತ್ರದ ಒಂದು ಸಾಲಿನ ಜೊತೆ. ಸುತ್ತಲೂ ಗೋಡೆಯಿಂದ ಸುಮಾರು ಆರು ಮಿಲಿಮೀಟರ್ ಜಾಗ ಬಿಡಿ, ಮೇಲೆ ಸ್ಕರ್ಟಿಂಗ್ ಕೂರಿಸಿ ಮುಚ್ಚಿ ಎನ್ನುತ್ತದೆ ಅದು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ವಸ್ತುವಿಗೆ ಓಡಾಡಲು ಜಾಗ ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಇದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಯಾರ ಮನೆ? ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆ, ಅದರ ಬುಡಕ್ಕೆ ಮೊಳೆಯಲ್ಲಿ ಬಡಿದ ಮರದ ಪಟ್ಟಿ. ಅಲ್ಲಿ ಪಟ್ಟಿಯನ್ನು ಉಳಿಯಿಂದ ಎಬ್ಬಿಸಿ ಪಕ್ಕಕ್ಕಿಡುತ್ತಾರೆ, ನೆಲ ಹಾಸುತ್ತಾರೆ, ಪಟ್ಟಿಯನ್ನು ಮತ್ತೆ ಬಡಿಯುತ್ತಾರೆ. ಆರು ಮಿಲಿಮೀಟರ್ ಅದರಡಿ ಮಾಯ.

ನಮ್ಮ ಫ್ಲ್ಯಾಟುಗಳಲ್ಲಿ ಸ್ಕರ್ಟಿಂಗ್ ಎಂದರೆ ನೆಲದ ವಿಟ್ರಿಫೈಡ್ ಟೈಲ್ಸನ್ನೇ ನಾಲ್ಕು ಇಂಚಿಗೆ ಕತ್ತರಿಸಿ ಗೋಡೆಗೆ ಸಿಮೆಂಟಿನಲ್ಲಿ ಕಚ್ಚಿಸಿದ ಪಟ್ಟಿ. ಅದನ್ನು ಎಬ್ಬಿಸಲು ಹೋದರೆ ಹಿಂದಿನ ಪ್ಲಾಸ್ಟರು ಕೈಗೆ ಬರುತ್ತದೆ. ಆಗ ಗಾರೆಯವರನ್ನು ಕರೆಯಬೇಕು, ಅವರ ಹಿಂದೆ ಪೇಂಟರನ್ನು. ಎಬ್ಬಿಸದೆ ಬಿಟ್ಟರೋ, ಆರು ಮಿಲಿಮೀಟರಿನ ಸಂದು ಕೋಣೆಯ ಸುತ್ತ ಬಾಯಿ ತೆರೆದುಕೊಂಡೇ ಇರುತ್ತದೆ. ಅದನ್ನು ಮುಚ್ಚಲು ಕಾಲು ವೃತ್ತದ ಆಕಾರದ ಬೀಡಿಂಗ್ ಸಿಗುತ್ತದೆ. ಬೀಡಿಂಗನ್ನು ಸ್ಕರ್ಟಿಂಗಿಗೆ ಮಾತ್ರ ಅಂಟಿಸಬೇಕು, ನೆಲಕ್ಕೆ ತಾಕಿಸಬಾರದು. ಒಂದು ಬೆರಳಗಲದ ಪಟ್ಟಿಯನ್ನು ನುಣುಪು ಟೈಲಿಗೆ ಹೀಗೆ ಅಂಟಿಸಿದರೆ, ಕೆಲಸಕ್ಕೆ ಬರುವವರ ಪೊರಕೆಯ ಏಟಿಗೆ ಎಷ್ಟು ದಿನ ನಿಲ್ಲುತ್ತದೆ ಎಂದು ಯಾವ ವಿಡಿಯೊವೂ ತೋರಿಸುವುದಿಲ್ಲ.

ಹಾಗಾಗಿ ಬಹುಮಂದಿ ಸುಲಭದ ದಾರಿ ಹಿಡಿಯುತ್ತಾರೆ. ಸಂದಿಯಲ್ಲಿ ಕಸ ಕೂರುತ್ತದೆ, ಇರುವೆ ಬರುತ್ತದೆ ಎಂದು ವೈಟ್ ಸಿಮೆಂಟ್ ತುಂಬಿ ಒರೆಸಿಬಿಡುತ್ತಾರೆ. ನೋಡಲು ಅಚ್ಚುಕಟ್ಟು. ಏಪ್ರಿಲ್ ಬಂದು, ಬಾಲ್ಕನಿಯ ಗಾಜಿನ ಬಾಗಿಲಿನಿಂದ ಪಡುವಣ ಬಿಸಿಲು ನೇರ ನೆಲಕ್ಕೆ ಬಿದ್ದಾಗ ಚಾಪೆ ಹಿಗ್ಗುತ್ತದೆ. ಹೋಗಲು ಜಾಗವಿಲ್ಲದೆ ನಡುವೆ ಎಲ್ಲೋ ಗುಡಾರದ ಹಾಗೆ ಏಳುತ್ತದೆ, ಇಲ್ಲವೇ ಜೋಡಣೆಯ ಆ ಸೊಗಸಾದ ತುಟಿ ಮುರಿಯುತ್ತದೆ. ಮನೆಯವರು ಮಾಲು ಕಳಪೆ ಎಂದು ಅಂಗಡಿಯವನನ್ನು ಬೈಯುತ್ತಾರೆ.

ಬಾಗಿಲ ಚೌಕಟ್ಟಿನ ಬಳಿ ಕತೆ ಇನ್ನೂ ಕಷ್ಟ. ಚೌಕಟ್ಟಿನ ಮೈಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ತಿರುವುಗಳಿರುತ್ತವೆ, ಅವಕ್ಕೆ ಬೀಡಿಂಗ್ ಬಳಸಿ ಬರುವುದಿಲ್ಲ. ಸರಿಯಾದ ವಿಧಾನವೆಂದರೆ ಟೈಲ್ಸಿನ ಒಂದು ತುಂಡನ್ನು ನೆಲದ ಮೇಲೆ ಅಳತೆಗೆ ಇಟ್ಟು, ಅದರ ಮೇಲೆ ಗರಗಸವನ್ನು ಮಲಗಿಸಿ ಚೌಕಟ್ಟಿನ ಬುಡವನ್ನು ಅಷ್ಟೇ ದಪ್ಪಕ್ಕೆ ಕೊಯ್ದು, ಟೈಲ್ಸನ್ನು ಅದರಡಿ ತಳ್ಳುವುದು. ಗ್ರಾನೈಟ್ ಚೌಕಟ್ಟಾದರೆ ಈ ಮಾತೇ ಇಲ್ಲ. ಮರದ್ದಾದರೂ ಮುಂದಿನ ಹೆಜ್ಜೆಯನ್ನು ನಿಧಾನವಾಗಿ ನೋಡಿ: ಈ ಜೋಡಣೆ ಕೂರಬೇಕಾದರೆ ಟೈಲ್ಸನ್ನು ಓರೆಯಾಗಿ ಎತ್ತಬೇಕು. ಚೌಕಟ್ಟಿನ ಅಡಿ ಅರ್ಧ ಇಂಚೂ ಇಲ್ಲದ ಜಾಗದಲ್ಲಿ ಓರೆ ಮಾಡುವುದು ಹೇಗೆ? ಆಗುವುದಿಲ್ಲ. ಹಾಗಾಗಿ ಪಕ್ಕದ ಟೈಲ್ಸಿನ ತೋಡಿನಾಚೆ ಚಾಚಿದ ತುಟಿಯನ್ನು ಉಳಿಯಿಂದ ಕೆತ್ತಿ ತೆಗೆದು, ಅಲ್ಲಿಗೆ ಅಂಟು ಹಚ್ಚಿ, ಹೊಸ ಟೈಲ್ಸನ್ನು ಮಟ್ಟಸವಾಗಿ ತಳ್ಳಿ, ಕಬ್ಬಿಣದ ಕೊಕ್ಕೆಪಟ್ಟಿಯಿಂದ ಎಳೆದು ಕೂರಿಸಬೇಕು. ಯಾವ ತುಟಿಗಾಗಿ ಕಂಪನಿಗಳು ಕೋರ್ಟಿಗೆ ಹೋದವೋ ಅದನ್ನು ನಾವೇ ಕೆತ್ತಿ ಬಿಸಾಡಿ, ಅಂಟಿನ ಕಾಲಕ್ಕೆ ವಾಪಸ್ಸು ಹೋಗುವ ಗಳಿಗೆ ಇದು. ಮೂರು ಬಾಗಿಲಿನ ಹಾಲಿನಲ್ಲಿ ಮೂರು ಸಲ.

ಉಳಿದ ತೊಡಕುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನೆಲ ಐದಾರು ಮಿಲಿಮೀಟರ್ ಏರುವುದರಿಂದ ಬಾಗಿಲುಗಳ ಬುಡ ಉಜ್ಜಬೇಕು, ಅದಕ್ಕೆ ಬಡಗಿ ಬರಬೇಕು. ಕೊನೆಯ ಸಾಲು ಎರಡು ಇಂಚಿಗಿಂತ ಸಣ್ಣದಾಗಿ ಉಳಿದರೆ ನಿಲ್ಲುವುದಿಲ್ಲ, ಹಾಗಾಗಿ ಮೊದಲ ಸಾಲನ್ನು ಎಷ್ಟಕ್ಕೆ ಕೊಯ್ಯಬೇಕೆಂಬ ಲೆಕ್ಕ ಮೊದಲ ಟೈಲ್ಸ್ ಇಡುವ ಮುಂಚೆಯೇ ಆಗಬೇಕು. ಎದುರುಬದುರು ಗೋಡೆಗೆ ಬಟ್ಟೆಬರೆ ತುಂಬಿದ ಗಾಡ್ರೇಜ್ ಬೀರು ಒಂದು, ಪುಸ್ತಕದ ಕಪಾಟು ಒಂದು ಕೂತರೆ ಚಾಪೆಯ ಎರಡು ತುದಿಗೂ ಮೊಳೆ ಹೊಡೆದ ಹಾಗೆಯೇ.

ಈ ನೆಲದ ವಿಮರ್ಶಕರೂ ನನಗೆ ಸಮಾಧಾನ ಕೊಟ್ಟಿಲ್ಲ. ಒಂದು ಪಂಗಡ ನೀರಿನ ಪರೀಕ್ಷಕರದು. ಇವರು ಒಂದು ತುಂಡನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಒರೆಸಿ, ಊದಿಲ್ಲ ನೋಡಿ ಎಂದು ಶಹಬ್ಬಾಸ್‌ಗಿರಿ ಕೊಡುತ್ತಾರೆ. ಪಿವಿಸಿ ಬೆರೆಸಿ ಒತ್ತಿದ ಸುಣ್ಣದಕಲ್ಲಿನ ಪುಡಿ ನೀರು ಕುಡಿಯುವುದಿಲ್ಲ ಎಂದು ತಿಳಿಯಲು ಬಕೆಟ್ ಯಾಕೆ ಬೇಕು? ಹಬ್ಬದ ಮುನ್ನಾದಿನ ನೀರು ಚೆಲ್ಲಿ ನೆಲ ತೊಳೆಯುವ ಮನೆಯಲ್ಲಿ ಆ ನೀರು ಗೋಡೆಯ ಪಕ್ಕದ ಸಂದಿಯಿಂದ ಇಳಿದು ಎಲ್ಲಿ ನಿಲ್ಲುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆ. ಕೆಳಗೆ ಹಳೆಯ ವಿಟ್ರಿಫೈಡ್, ಮೇಲೆ ಎಸ್‌ಪಿಸಿ, ನಡುವೆ ತೆಳು ಫೋಮು. ಗಾಳಿಯಾಡಲು ದಾರಿ ಎಲ್ಲಿದೆ? ಟೈಲ್ಸಿಗೆ ಏನೂ ಆಗುವುದಿಲ್ಲ ನಿಜ, ಮೂಲೆಯಲ್ಲಿ ಮುಗ್ಗಲು ವಾಸನೆ ಶುರುವಾಗುತ್ತದೆ. ಪರೀಕ್ಷೆಯಾದದ್ದು ಬಿಡಿ ಟೈಲ್ಸಿನದು, ಸರ್ಟಿಫಿಕೇಟ್ ಸಿಕ್ಕಿದ್ದು ನೆಲಕ್ಕೆ.

ಇನ್ನೊಂದು ಪಂಗಡ ಕಾವಿ ನೆಲದ ಹಳಹಳಿಕೆಯವರದು. ಅಜ್ಜನ ಮನೆಯ ರೆಡ್ ಆಕ್ಸೈಡ್ ನೆಲದ ತಂಪು, ಹೊಳಪು, ಅಂಗಾಲಿಗೆ ಅದರ ಸುಖ ಎಂದು ಪುಟಗಟ್ಟಲೆ ಬರೆದು, ಕೊನೆಗೆ ಇದು ಪ್ಲಾಸ್ಟಿಕ್, ಇದಕ್ಕೆ ಆತ್ಮವಿಲ್ಲ ಎಂದು ತೀರ್ಪು ಕೊಡುತ್ತಾರೆ. ಇವರ ಜೊತೆ ನನಗೆ ಹೆಚ್ಚು ಜಗಳವಿದೆ. ಆ ಕೆಂಪು ನೆಲವೂ ಮಣ್ಣಿನದಲ್ಲ, ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿ ಎಳೆದ ಗಾರೆ. ಅದು ಹೊಳೆದದ್ದು ತಾನಾಗಿ ಅಲ್ಲ. ಗಾರೆಯವರು ಕುಕ್ಕರಗಾಲಿನಲ್ಲಿ ಕೂತು ಹದ ನೋಡಿ ಕರಣೆಯಿಂದ ಉಜ್ಜಿದ್ದರು, ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಿದ್ದರು, ಆಮೇಲೆ ವರ್ಷಗಟ್ಟಲೆ ಮನೆಯ ಹೆಂಗಸರು ಸೊಂಟ ಬಗ್ಗಿಸಿ ಒರೆಸಿದ್ದರು. ಬಿರುಕು ಬಿಟ್ಟಾಗ ಹಚ್ಚಿದ ತೇಪೆಯ ಬಣ್ಣ ಒಂದು ಸಲವೂ ಕೂಡಿಬರುತ್ತಿರಲಿಲ್ಲ. ಇದೆಲ್ಲ ಈ ಲೇಖನಗಳಲ್ಲಿ ಯಾಕೆ ಬರುವುದಿಲ್ಲ? ದುಡಿದವರ ಕೈಯನ್ನು ಅಳಿಸಿ ನೆಲವನ್ನು ಮಾತ್ರ ತೋರಿಸುವುದರಲ್ಲಿ ಹಳಹಳಿಕೆಯ ಲೇಖನವೂ ಎರಡು ನಿಮಿಷದ ವಿಡಿಯೊವೂ ಸಮಸಮ. ಪ್ಲಾಸ್ಟಿಕ್ ಮೇಲೆ ಆಕ್ಷೇಪಣೆ ಮಾಡುವುದಾದರೆ, ನಡೆದಾಗ ಕೇಳಿಸುವ ಟೊಳ್ಳು ಸದ್ದಿನ ಬಗ್ಗೆ ಮಾಡಲಿ. ಅದು ನ್ಯಾಯವಾದದ್ದು, ಕೆಳಗಿನ ನೆಲ ಏರುತಗ್ಗಾಗಿದ್ದಷ್ಟೂ ಆ ಸದ್ದು ಹೆಚ್ಚು.

ಇದು ನಿಮ್ಮಿಂದಾಗದು, ನಮ್ಮವರಿಗೆ ಬಿಡಿ ಎನ್ನುವ ಇಂಟೀರಿಯರ್ ಡಿಸೈನರುಗಳ ಮಾತನ್ನೂ ಪೂರ್ತಿ ನಂಬಬೇಕಿಲ್ಲ. ಒಂದೇ ದಿನದಲ್ಲಿ ಹಾಸಿ ಹೋಗುವ ತಂಡಗಳು ಬಿಟ್ಟುಹೋದ ಅಂಚುಗಳಲ್ಲಿ ಹೆಬ್ಬೆಟ್ಟಿನ ಗಾತ್ರದ ಬಿಳಿ ಸಿಲಿಕೋನ್ ನೋಡಿದವರಿಗೆ ಇದು ಗೊತ್ತು. ಕೂಲಿ ಕೊಟ್ಟ ಮಾತ್ರಕ್ಕೆ ಆರು ಮಿಲಿಮೀಟರಿನ ಸಮಸ್ಯೆ ಬಗೆಹರಿಯುವುದಿಲ್ಲ. ತಾಳ್ಮೆಯಿರುವ ಮನೆಯವರು ಅವರಿಗಿಂತ ಚೆನ್ನಾಗಿ ಮಾಡಿಯಾರು.

ಈ ಗಲಾಟೆಯಲ್ಲಿ ಯಾರೂ ಗಮನಿಸದ ಗುಣ ಒಂದಿದೆ. ಹಾಸಿದ್ದನ್ನು ಎತ್ತಿಬಿಡಬಹುದು. ತಿಂಗಳುಗಟ್ಟಲೆಯ ಬಾಡಿಗೆಯನ್ನು ಅಡ್ವಾನ್ಸ್ ಇಸಿದುಕೊಂಡು, ಗೋಡೆಗೆ ಮೊಳೆ ಹೊಡೆದರೂ ಲೆಕ್ಕ ಹಾಕುವ ಬೆಂಗಳೂರಿನ ಓನರುಗಳ ಮುಂದೆ ಬಾಡಿಗೆದಾರರಿಗೆ ಇದು ಸಣ್ಣ ಅನುಕೂಲವಲ್ಲ. ಖಾಲಿ ಮಾಡುವಾಗ ಕೊನೆಯ ಸಾಲಿನಿಂದ ಶುರುಮಾಡಿ ಇಡೀ ಸಾಲನ್ನು ಓರೆಯಾಗಿ ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ಗಿಡ್ಡ ತುದಿಯ ಜೋಡಣೆಗಳನ್ನು ಮೇಲಕ್ಕೆ ಕೀಳದೆ ಪಕ್ಕಕ್ಕೆ ಜಾರಿಸಬೇಕು, ಕಿತ್ತರೆ ನಾಲಿಗೆ ಮುರಿಯುತ್ತದೆ. ಕೆಳಗೆ ಓನರ ಹಳೆಯ ಟೈಲ್ಸ್ ಇದ್ದ ಹಾಗೇ ಇರುತ್ತದೆ. ಹಾಸುವ ವಿಡಿಯೊ ಸಾವಿರ ಇರಬಹುದು, ಎತ್ತುವುದನ್ನು ಹೇಳಿಕೊಡುವವರು ಅಪರೂಪ. ಈ ಪದ್ಧತಿಯನ್ನು ನಾನು ಹೊಗಳುವುದಾದರೆ ಇದೊಂದೇ ಕಾರಣಕ್ಕೆ. ಅದಕ್ಕೆ ಸಲ್ಲಬೇಕಾದ ಹೆಸರು ಬೇಗ ಹಾಸುವುದರದ್ದಲ್ಲ, ಗಾಯ ಮಾಡದೆ ಎತ್ತುವುದರದ್ದು.

ಒಂದೇ ಬಾಗಿಲಿನ ಚೌಕ ಮಲಗುವ ಕೋಣೆಗೆ ಇದು ಒಳ್ಳೆಯದು, ಮನೆಯವರೇ ಹಾಸಿಕೊಳ್ಳಬಹುದು. ಅಡುಗೆಮನೆ, ದೇವರಮನೆ, ಬಾಲ್ಕನಿಗಳೆಲ್ಲ ಬಂದು ಸೇರುವ ಹಾಲಿಗೆ ಬೇಡ. ಅಂಗಡಿಗೆ ಹೋಗುವ ಮುಂಚೆ ಎರಡು ಮೀಟರಿನ ನೇರ ಪಟ್ಟಿಯನ್ನು ನಿಮ್ಮ ನೆಲದ ಮೇಲೆ ಎಲ್ಲ ದಿಕ್ಕಿಗೂ ಇಟ್ಟು ನೋಡಿ. ಅದರಡಿ ಮೂರು ಮಿಲಿಮೀಟರಿಗಿಂತ ಹೆಚ್ಚು ಬೆಳಕು ಕಂಡರೆ ಮೊದಲು ನೆಲ ಮಟ್ಟ ಮಾಡಿಸಿ. ಆಮೇಲೆ ಚದರಡಿ ಎಣಿಸುವುದನ್ನು ಅಂಗಡಿಯವರಿಗೆ ಬಿಟ್ಟು, ನೀವು ಬಾಗಿಲುಗಳನ್ನು ಎಣಿಸಿ. ಎರಡಕ್ಕಿಂತ ಹೆಚ್ಚಿದ್ದರೆ ಆ ಶನಿವಾರವನ್ನು ಬೇರೆ ಯಾವುದಕ್ಕಾದರೂ ಇಟ್ಟುಕೊಳ್ಳಿ.